ಬಿಸಿಲೂರಿನ ಕಾರಿಗೆ ತೆಳು ಆಯಿಲ್: ಮೈಲೇಜ್ ಕೊಡುವ ಸಿಂಥೆಟಿಕ್ ಎಂಜಿನ್ ಆಯಿಲ್ ಆರಿಸುವ ಬಗೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಬಳ್ಳಾರಿಯ ಗ್ಯಾರೇಜೊಂದರ ತಗಡಿನ ನೆರಳಿನಲ್ಲಿ ನನ್ನ ಪೆಟ್ರೋಲ್ ಕಾರಿನ ಆಯಿಲ್ ಬದಲಿಸಲು ನಿಂತಿದ್ದೆ. ಕೈಪಿಡಿಯಲ್ಲಿ 0ಡಬ್ಲ್ಯೂ-20 ಎಂಬ ತೆಳು ಗ್ರೇಡ್ ಹೇಳಿದೆ ಎಂದೆ. ಮೆಕ್ಯಾನಿಕ್ ನಕ್ಕರು. “ಅದೆಲ್ಲ ಚಳಿ ಊರಿಗೆ ಸರ್. ನಮ್ಮ ಬಿಸಿಲಿಗೆ ನೀರಿನಂಥ ಆಯಿಲ್ ನಿಲ್ಲುವುದಿಲ್ಲ” ಎನ್ನುತ್ತಲೇ ಅದಕ್ಕಿಂತ ಮಂದವಾದ 15ಡಬ್ಲ್ಯೂ-40 ಡಬ್ಬಿಯ ಮುಚ್ಚಳ ತಿರುಗಿಸಿದರು. ಡಬ್ಬಿಯ ಮೇಲೆ ‘ಸಿಂಥೆಟಿಕ್ ಟೆಕ್ನಾಲಜಿ’ ಎಂದು ಮಿಂಚುವ ಅಕ್ಷರಗಳಿದ್ದವು. ಸಿಂಥೆಟಿಕ್ ತಾನೆ, ಇರಲಿ ಎಂದು ನಾನೂ ಸುಮ್ಮನಾದೆ.

ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ನಾನೊಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಕಿಲೋಮೀಟರ್ ಮತ್ತು ಲೀಟರ್ ಬರೆಯುವುದು ಹಳೆಯ ಅಭ್ಯಾಸ. ಬಳ್ಳಾರಿ, ಸಿರುಗುಪ್ಪ, ಸಿಂಧನೂರು ಎಂದು ವಾರಕ್ಕೆರಡು ಸಲ ಓಡಾಡುವ ಆ ಕಾರು ಅಲ್ಲಿಯತನಕ ಲೀಟರಿಗೆ 18.6 ಕಿಲೋಮೀಟರ್ ಕೊಡುತ್ತಿತ್ತು. ಮುಂದಿನ ಮೂರು ಟ್ಯಾಂಕುಗಳ ಸರಾಸರಿ 17.9. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಕಾರಿಗೆ ಇದು ಹತ್ತಿರಹತ್ತಿರ 25 ಲೀಟರ್ ಪೆಟ್ರೋಲ್. ಅಂದಿನಿಂದ ಆಯಿಲ್ ಡಬ್ಬಿಯ ಮುಂಭಾಗ ನೋಡುವುದನ್ನು ಬಿಟ್ಟು ಹಿಂಭಾಗ ಓದಲು ಕಲಿತೆ. ಆ ಕಲಿಕೆಯನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಅಂಗಡಿಗೆ ಹೋಗುವ ಮೊದಲು ಕೈಪಿಡಿ ತೆಗೆಯಿರಿ

ವಾಹನದ ಜೊತೆ ಬಂದ ಪುಸ್ತಕದ ಕೊನೆಯ ಭಾಗದಲ್ಲಿ ಎಂಜಿನ್ ಆಯಿಲ್ ಕುರಿತ ಪುಟ ಇರುತ್ತದೆ. ಪುಸ್ತಕ ಕಳೆದುಹೋಗಿದ್ದರೆ ಕಂಪನಿಯ ಜಾಲತಾಣದಲ್ಲಿ ಸಾಮಾನ್ಯವಾಗಿ ಉಚಿತವಾಗಿ ಸಿಗುತ್ತದೆ. ಅಲ್ಲಿಂದ ಮೂರು ವಿಷಯಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಗ್ರೇಡ್, ಗುಣಮಟ್ಟದ ಗುರುತು, ಫಿಲ್ಟರ್ ಬದಲಿಸಿದಾಗ ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದು.

ಕೆಲವು ಕೈಪಿಡಿಗಳಲ್ಲಿ ಒಂದೇ ಗ್ರೇಡ್ ಬದಲು ಅಡ್ಡ ಪಟ್ಟಿಗಳ ಚಿತ್ರವಿರುತ್ತದೆ. ಕೆಳಗೆ ಹೊರಗಿನ ತಾಪಮಾನ, ಅದರ ಮೇಲೆ ಒಂದೊಂದು ಗ್ರೇಡಿಗೆ ಒಂದೊಂದು ಪಟ್ಟಿ. ನಮ್ಮ ಕಡೆಯವರು ನೋಡಬೇಕಾದದ್ದು ಬಲ ತುದಿ. 40 ಡಿಗ್ರಿಯ ಗೆರೆಯನ್ನು ದಾಟಿ ಬಾಣದ ಗುರುತಿನೊಂದಿಗೆ ಮುಂದಕ್ಕೆ ಹೋಗುವ ಪಟ್ಟಿಗಳೆಲ್ಲ ಬಳ್ಳಾರಿಗೂ ರಾಯಚೂರಿಗೂ ಸಲ್ಲುತ್ತವೆ. ಹಾಗೆ ಉಳಿದವುಗಳಲ್ಲಿ ಅತಿ ತೆಳುವಾದ ಗ್ರೇಡ್ ಯಾವುದೋ ಮೈಲೇಜಿನ ದೃಷ್ಟಿಯಿಂದ ಅದೇ ನಿಮ್ಮ ಆಯಿಲ್. ಪುಸ್ತಕ ಒಪ್ಪದ ಗ್ರೇಡಿಗೆ ಮಾತ್ರ ಇಳಿಯಬೇಡಿ. ತೆಳು ಆಯಿಲ್‌ಗೆ ತಕ್ಕ ಪಂಪು, ತಕ್ಕ ಬೇರಿಂಗ್ ಇಲ್ಲದ ಎಂಜಿನ್‌ಗೆ ಅದನ್ನು ಸುರಿದರೆ ಪೆಟ್ರೋಲಿನಲ್ಲಿ ಉಳಿದ ನೂರು ರೂಪಾಯಿ ಎಂಜಿನ್ ಬಿಚ್ಚುವಾಗ ಸಾವಿರಗಳ ಲೆಕ್ಕದಲ್ಲಿ ಹೋಗುತ್ತದೆ.

ಎರಡನೆಯದು: ಆ ಎರಡು ಅಂಕಿಗಳು ಏನು ಹೇಳುತ್ತವೆ

5ಡಬ್ಲ್ಯೂ-30 ಎಂಬಲ್ಲಿ ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಕಡಿಮೆಯಾದಷ್ಟೂ ತಣ್ಣಗಿನ ಎಂಜಿನ್‌ನಲ್ಲಿ ಆಯಿಲ್ ಬೇಗ ಹರಿಯುತ್ತದೆ. ಇದರ ಪರೀಕ್ಷೆ ನಡೆಯುವುದು ಸೊನ್ನೆಗಿಂತ ಬಹಳ ಕೆಳಗೆ. 5ಡಬ್ಲ್ಯೂಗೆ ಮೈನಸ್ 30, 15ಡಬ್ಲ್ಯೂಗೆ ಮೈನಸ್ 20 ಡಿಗ್ರಿ. ಎರಡನೆಯ ಅಂಕಿ ಎಂಜಿನ್ ಕಾದು ಓಡುವಾಗಿನ ದಪ್ಪವನ್ನು ಹೇಳುತ್ತದೆ. 20, 30, 40, 50 ಎಂದು ಏರಿದಂತೆ ಆಯಿಲ್ ಮಂದವಾಗುತ್ತದೆ. ಮಂದ ಆಯಿಲ್ಲನ್ನು ಪಂಪು ಮಾಡಲು, ಅದನ್ನು ಸೀಳಿಕೊಂಡು ಕ್ರ್ಯಾಂಕ್ ತಿರುಗಿಸಲು ಶಕ್ತಿ ಬೇಕು. ಆ ಶಕ್ತಿ ನಿಮ್ಮ ಟ್ಯಾಂಕಿನಿಂದಲೇ ಬರಬೇಕು.

ಮೆಕ್ಯಾನಿಕ್ ಹೇಳಿದ ಬಿಸಿಲಿನ ಮಾತನ್ನು ನಾನೂ ವರ್ಷಗಟ್ಟಲೆ ನಂಬಿದ್ದೆ. ಲೆಕ್ಕ ಹಾಕಿದಾಗ ಅದು ತಲೆಕೆಳಗಾಯಿತು. ಪ್ರಯೋಗಾಲಯದಲ್ಲಿ ಆಯಿಲ್ ದಪ್ಪವನ್ನು ಎರಡು ತಾಪಮಾನಗಳಲ್ಲಿ ಅಳೆಯುತ್ತಾರೆ: 40 ಡಿಗ್ರಿ ಮತ್ತು 100 ಡಿಗ್ರಿ. 40 ಎಂದರೆ ರಾಯಚೂರಿನ ಮೇ ತಿಂಗಳ ಮಧ್ಯಾಹ್ನ. ಆ ಬಿಸಿಗೆ ಒಂದು ಸಾಮಾನ್ಯ 0ಡಬ್ಲ್ಯೂ-20 ಆಯಿಲ್‌ನ ದಪ್ಪ ಸುಮಾರು 45 ಸೆಂಟಿಸ್ಟೋಕ್, 15ಡಬ್ಲ್ಯೂ-40ಯದು ಸುಮಾರು 110. ಅದೇ ಆಯಿಲ್‌ಗಳು 100 ಡಿಗ್ರಿಗೆ ಕಾದಾಗ ಸುಮಾರು 8.5 ಮತ್ತು 14.5ಕ್ಕೆ ಇಳಿಯುತ್ತವೆ. ಅಂದರೆ ನಾವು ಕೊಡೆ ಹಿಡಿದು ಶಪಿಸುವ ಬಿಸಿಲಿನಲ್ಲಿ ನಿಂತ ಕಾರಿನೊಳಗೂ ಆಯಿಲ್ ತನ್ನ ಕೆಲಸದ ಹೊತ್ತಿನ ದಪ್ಪಕ್ಕಿಂತ ಐದರಿಂದ ಏಳೂವರೆ ಪಟ್ಟು ಮಂದವಾಗಿಯೇ ಇರುತ್ತದೆ. ಆಯಿಲ್ ಮಟ್ಟಿಗೆ ನಮ್ಮ ಬೇಸಿಗೆಯೂ ಚಳಿಗಾಲವೇ.

ಎಂಜಿನ್ ಕಾದ ಮೇಲೆ ಏನು? ನೀರಿನಿಂದ ತಂಪಾಗುವ ಕಾರಿನಲ್ಲಿ ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಫ್ಯಾನ್ ಸೇರಿ ಕೂಲಂಟನ್ನು 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ಹೊರಗೆ 28 ಇರಲಿ, 42 ಇರಲಿ, ಫ್ಯಾನ್ ಹೆಚ್ಚು ಹೊತ್ತು ತಿರುಗುತ್ತದೆಯೇ ಹೊರತು ಎಂಜಿನ್‌ನ ಒಳಬಿಸಿಯಲ್ಲಿ 14 ಡಿಗ್ರಿಯ ವ್ಯತ್ಯಾಸ ಆಗುವುದಿಲ್ಲ. ಗಾಳಿಯಿಂದ ತಂಪಾಗುವ ಬೈಕಿನ ಮಾತು ಬೇರೆ. ಅದರ ಆಯಿಲ್ ಹೊರಗಿನ ಬಿಸಿಯನ್ನು ನೇರವಾಗಿ ಅನುಭವಿಸುತ್ತದೆ. ಅಲ್ಲಿ ಕೈಪಿಡಿಯ ಗ್ರೇಡಿಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳಿ.

ಊರೊಳಗೇ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಇನ್ನೊಂದು ಮಾತು. ಕೂಲಂಟ್ ಬೇಗ ಕಾಯುತ್ತದೆ, ಆಯಿಲ್ ನಿಧಾನ. ಕೋಟೆ ಬೆಟ್ಟದ ಹಿಂದಿನ ಮನೆಯಿಂದ ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಆಯಿಲ್ ಪೂರ್ತಿ ಕಾದಿರುವುದೇ ಇಲ್ಲ. ಇಂಥವರಿಗೆ ಆ ‘ಚಳಿಗಾಲದ’ ಮೊದಲ ಅಂಕಿಯೇ ಹೆಚ್ಚು ಲಾಭ ಕೊಡುತ್ತದೆ.

ಮೂರನೆಯದು: ‘ಸಿಂಥೆಟಿಕ್’ ಎಂಬ ಪದಕ್ಕೆ ಎಷ್ಟು ಬೆಲೆ ಕೊಡಬೇಕು

ಕೈಪಿಡಿ ಓದಿದಾಗಲೇ ಇದರ ಅರ್ಧ ಉತ್ತರ ಸಿಕ್ಕಿರುತ್ತದೆ. 0ಡಬ್ಲ್ಯೂ-20ರಂಥ ಗ್ರೇಡನ್ನು ಕಚ್ಚಾ ತೈಲವನ್ನು ಸಾದಾ ರೀತಿಯಲ್ಲಿ ಸಂಸ್ಕರಿಸಿದ ಹಳೆಯ ಬಗೆಯ ಖನಿಜ ತೈಲದಿಂದ ಮಾಡಲು ಆಗುವುದಿಲ್ಲ. ಆ ಗ್ರೇಡ್ ಕೊಂಡರೆ ಸಿಂಥೆಟಿಕ್ ತಾನಾಗಿಯೇ ಬರುತ್ತದೆ. ತಿರುಗಿಸಿ ನೋಡಿದರೆ, 15ಡಬ್ಲ್ಯೂ-50 ಗ್ರೇಡಿನಲ್ಲೂ ಪೂರ್ತಿ ಸಿಂಥೆಟಿಕ್ ಆಯಿಲ್‌ಗಳಿವೆ. ಕಾದ ಎಂಜಿನ್‌ನಲ್ಲಿ ಅವು ಸಾದಾ 10ಡಬ್ಲ್ಯೂ-30 ಖನಿಜ ತೈಲಕ್ಕಿಂತ ಮಂದವೇ. ಮೈಲೇಜ್ ಕೊಡುವುದು ಹೆಚ್ಚಿನಂಶ ಗ್ರೇಡ್. ಸಿಂಥೆಟಿಕ್ ಆ ಗ್ರೇಡನ್ನು ಸಾಧ್ಯವಾಗಿಸುತ್ತದೆ, ಬಹಳ ದಿನ ಉಳಿಸುತ್ತದೆ. ಅದು ಬಿಸಿಗೆ ಬೇಗ ಕೆಡುವುದಿಲ್ಲ, ಕಡಿಮೆ ಆವಿಯಾಗುತ್ತದೆ, ಆರು ತಿಂಗಳ ನಂತರವೂ ಜಿಡ್ಡುಗಟ್ಟದೆ ತನ್ನ ಗ್ರೇಡಿನಲ್ಲೇ ನಿಲ್ಲುತ್ತದೆ. ನಮ್ಮ ಬಿಸಿಲು ಲೆಕ್ಕಕ್ಕೆ ಬರುವುದಾದರೆ ಇಲ್ಲಿ.

ಇನ್ನು ‘ಸಿಂಥೆಟಿಕ್ ಟೆಕ್ನಾಲಜಿ’, ‘ಸಿಂಥೆಟಿಕ್ ಬ್ಲೆಂಡ್’, ‘ಸೆಮಿ ಸಿಂಥೆಟಿಕ್’ ಎಂಬ ಹೆಸರುಗಳು ಬಹುಪಾಲು ಖನಿಜ ತೈಲಕ್ಕೆ ಒಂದಿಷ್ಟು ಸಿಂಥೆಟಿಕ್ ಬೆರೆಸಿದ್ದನ್ನೇ ಸೂಚಿಸುತ್ತವೆ. ಎಷ್ಟು ಬೆರೆಸಿದ್ದಾರೆ ಎಂದು ಡಬ್ಬಿ ಹೇಳುವುದಿಲ್ಲ. ‘ಫುಲ್ಲಿ ಸಿಂಥೆಟಿಕ್’ ಎಂದಿದ್ದರೂ ಒಳಗಿರುವುದು ಹೆಚ್ಚಾಗಿ ಗ್ರೂಪ್ 3 ಎಂಬ, ಕಚ್ಚಾ ತೈಲವನ್ನೇ ಹೈಡ್ರೋಜನ್‌ನಿಂದ ತೀವ್ರವಾಗಿ ಸಂಸ್ಕರಿಸಿದ ಬಗೆ. ರಾಸಾಯನಿಕವಾಗಿ ಕಟ್ಟಿದ, ಪಿಎಒ (ಪಾಲಿಆಲ್ಫಾಒಲೆಫಿನ್) ಎಂಬ ಬಗೆ ಗ್ರೂಪ್ 4. ಗ್ರೂಪ್ 3ನ್ನು ಸಿಂಥೆಟಿಕ್ ಎಂದು ಕರೆಯಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳು ಜಗಳವಾಡಿದ್ದವು. 1999ರಲ್ಲಿ ಜಾಹೀರಾತು ಪಂಚಾಯಿತಿದಾರರು ಕರೆಯಬಹುದು ಎಂದರು. ದಿನನಿತ್ಯದ ಕಾರಿಗೆ ಗ್ರೂಪ್ 3 ಧಾರಾಳವಾಗಿ ಸಾಕು. ಇದರ ಬಗ್ಗೆ ತಲೆಕೆಡಿಸಿಕೊಳ್ಳುವ ಬದಲು ಡಬ್ಬಿ ತಿರುಗಿಸಿ.

ನಾಲ್ಕನೆಯದು: ಡಬ್ಬಿಯ ಹಿಂಭಾಗ

ಅಲ್ಲಿ ಉದ್ದಿನವಡೆಯ ಆಕಾರದ ಒಂದು ಗುಂಡು ಮುದ್ರೆ ಇರುತ್ತದೆ. ಎಪಿಐ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಮುದ್ರೆ ಅದು. ವಡೆಯ ತೂತಿನ ಜಾಗದಲ್ಲಿ ಗ್ರೇಡ್, ಮೇಲಿನ ಅರ್ಧದಲ್ಲಿ ಗುಣಮಟ್ಟದ ಅಕ್ಷರಗಳು. ಪೆಟ್ರೋಲ್ ಎಂಜಿನ್‌ಗೆ ಎಸ್‌ನಿಂದ ಶುರುವಾಗುವ ಜೋಡಿ: ಎಸ್‌ಎನ್ 2010ರದು, ಎಸ್‌ಪಿ 2020ರದು, ಎಸ್‌ಕ್ಯೂ 2025ರದು. ಪೆಟ್ರೋಲ್ ಕಾರಿಗೆ ಹೊಸ ಅಕ್ಷರ ಹಳೆಯದರ ಕೆಲಸವನ್ನೂ ಮಾಡುತ್ತದೆ, ಆದ್ದರಿಂದ ಕೈಪಿಡಿ ಎಸ್‌ಎನ್ ಕೇಳಿದರೆ ಎಸ್‌ಪಿ ಹಾಕಬಹುದು.

ಮೈಲೇಜ್ ಬೇಕಾದವರ ಕಣ್ಣು ಹೋಗಬೇಕಾದದ್ದು ಕೆಳಗಿನ ಅರ್ಧಕ್ಕೆ. ಅಲ್ಲಿ ‘ರಿಸೋರ್ಸ್ ಕನ್ಸರ್ವಿಂಗ್’ ಎಂದು ಅಚ್ಚಾಗಿದ್ದರೆ ಆ ಆಯಿಲ್ ಇಂಧನ ಉಳಿತಾಯದ ಎಂಜಿನ್ ಪರೀಕ್ಷೆಯನ್ನು ದಾಟಿ ಬಂದಿದೆ ಎಂದರ್ಥ. ಅದರ ಬದಲು ವಾಹನ ತಯಾರಕರ ಸಮಿತಿಯ ಗುರುತಾದ ‘ಐಎಲ್‌ಎಸ್‌ಎಸಿ ಜಿಎಫ್-6’ ಅಥವಾ ‘ಜಿಎಫ್-7’ ಎಂದಿದ್ದರೂ ಅದೇ ಅರ್ಥ. ಮುಂಭಾಗದಲ್ಲಿ ಎಷ್ಟೇ ದೊಡ್ಡದಾಗಿ ‘ಮೈಲೇಜ್’ ಎಂದು ಬರೆದು ಬಾಣ ಏರಿಸಿದ್ದರೂ, ಹಿಂದೆ ಈ ಮಾತು ಇಲ್ಲದಿದ್ದರೆ ಆ ಬಾಣ ಚಿತ್ರಗಾರನ ಉಡುಗೊರೆ.

ಆದರೆ ಬೈಕಿನವರು ಈ ‘ರಿಸೋರ್ಸ್ ಕನ್ಸರ್ವಿಂಗ್’ ಗುರುತಿನಿಂದ ದೂರ ಇರಬೇಕು. ಗೇರ್ ಇರುವ ಬೈಕುಗಳಲ್ಲಿ ಬಹುತೇಕ ಎಲ್ಲದರಲ್ಲೂ ಕ್ಲಚ್ ಫಲಕಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಮೈಲೇಜ್ ಆಯಿಲ್‌ಗೆ ಬೆರೆಸುವ ಜಾರಿಕೆಯ ರಾಸಾಯನಿಕಗಳು ಆ ಫಲಕಗಳನ್ನೂ ಜಾರಿಸುತ್ತವೆ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಪೆಟ್ರೋಲ್ ಮಾತ್ರ ಹೋಗುತ್ತದೆ. ಬೈಕಿಗೆ ಜಪಾನಿನ ಜಾಸೊ ಸಂಸ್ಥೆಯ ‘ಎಂಎ’ ಅಥವಾ ‘ಎಂಎ2’ ಗುರುತು ಬೇಕು. ಗೇರಿಲ್ಲದ ಸ್ಕೂಟರಿನ ಕ್ಲಚ್ ಒಣಗಿರುತ್ತದೆ, ಅದಕ್ಕೆ ಜಾರಿಕೆ ಹೆಚ್ಚಿರುವ ‘ಎಂಬಿ’ ನಡೆಯುತ್ತದೆ. ಒಂದೇ ಮನೆಯಲ್ಲಿ ಬೈಕೂ ಸ್ಕೂಟರೂ ಇದ್ದು, ಅಪ್ಪನ ಸ್ಕೂಟರಿಗೆ ತಂದು ಉಳಿದದ್ದನ್ನು ಮಗನ ಬೈಕಿಗೆ ಸುರಿಯುವುದು ನಾನು ಕಂಡ ಅತ್ಯಂತ ಸಾಮಾನ್ಯ ತಪ್ಪು.

ಡೀಸೆಲ್ ಗಾಡಿಯವರು 1 ಏಪ್ರಿಲ್ 2020ರ ನಂತರದ, ಬಿಎಸ್6 ಹೊಗೆ ನಿಯಮದ ಎಂಜಿನ್ ಇದ್ದರೆ ಇನ್ನೂ ಎಚ್ಚರದಿಂದಿರಿ. ಇವುಗಳ ಹೊಗೆ ಕೊಳವೆಯಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳುತ್ತದೆ, ಆದರೆ ಆಯಿಲ್‌ನಿಂದ ಬರುವ ಬೂದಿಯನ್ನು ಸುಡಲಾರದು. ಬೂದಿ ತುಂಬಿದಂತೆ ಸುಡುವ ಸರದಿ ಹೆಚ್ಚುತ್ತದೆ, ಪ್ರತಿ ಸರದಿಗೂ ಹೆಚ್ಚುವರಿ ಡೀಸೆಲ್ ಬೇಕು. ಹಾಗಾಗಿ ಕೈಪಿಡಿ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಆಗಬೇಕು: ಕಾರು, ಜೀಪುಗಳಿಗೆ ಹೆಚ್ಚಾಗಿ ಯುರೋಪಿನ ವಾಹನ ತಯಾರಕರ ಸಂಘದ ಗುರುತಾದ ಎಸಿಇಎ ಸಿ2 ಅಥವಾ ಸಿ3, ಲಾರಿಗಳಿಗೆ ಎಪಿಐನ ಸಿಕೆ-4. ಸಿರುಗುಪ್ಪ, ಗಂಗಾವತಿ ಕಡೆ ಗದ್ದೆ ಕೆಸರಿನಲ್ಲಿ ಗಂಟೆಗಟ್ಟಲೆ ಏದುಸಿರು ಬಿಡುವ ಟ್ರ್ಯಾಕ್ಟರಿಗೆ ತೆಳು ಆಯಿಲ್ ಯೋಚನೆಯೇ ಬೇಡ. ಪುಸ್ತಕದಲ್ಲಿ 15ಡಬ್ಲ್ಯೂ-40 ಎಂದಿದ್ದರೆ ಅದೇ.

ಒಂದೂವರೆ ಲಕ್ಷ ಕಿಲೋಮೀಟರ್ ದಾಟಿ, ತಿಂಗಳಿಗೆ ಅರ್ಧ ಲೀಟರ್ ಆಯಿಲ್ ಕುಡಿಯುವ ಹಳೆಯ ಕಾರಿದ್ದರೆ ಅದಕ್ಕೂ ಮೈಲೇಜ್ ಆಯಿಲ್ ಹುಡುಕಬೇಡಿ. ಕೈಪಿಡಿ ಅನುಮತಿಸಿದರೆ ಒಂದು ಮೆಟ್ಟಿಲು ಮಂದದ ಗ್ರೇಡಿಗೆ ಹೋಗಿ ನೆಮ್ಮದಿಯಿಂದಿರಿ.

ಐದನೆಯದು: ದುಡ್ಡಿನ ಲೆಕ್ಕ

ತಪ್ಪು ಗ್ರೇಡಿನಿಂದ ಸರಿಯಾದ ಗ್ರೇಡಿಗೆ ಬಂದರೆ ನೂರಕ್ಕೆ ಒಂದರಿಂದ ಮೂರರಷ್ಟು ಇಂಧನ ಉಳಿದರೆ ಅದೇ ದೊಡ್ಡದು. ನನಗೆ ಬಂದ ವ್ಯತ್ಯಾಸ ಅದಕ್ಕಿಂತ ತುಸು ಹೆಚ್ಚಿತ್ತು, ಏಕೆಂದರೆ ಎರಡು ಮೆಟ್ಟಿಲು ಮಂದದ ಆಯಿಲ್ ಹಾಕಿಸಿಕೊಂಡಿದ್ದೆ. ಒಂದಿಷ್ಟು ಬೇಸಿಗೆಯ ಏಸಿಯದೂ ಇರಬಹುದು. ಲೀಟರಿಗೆ ಐದು ಕಿಲೋಮೀಟರ್ ಹೆಚ್ಚು ಬಂತು ಎನ್ನುವವರ ಮಾತಿಗೆ ತಲೆ ಆಡಿಸಿ ಮುಂದೆ ನಡೆಯಿರಿ.

ಶೇ. 2 ಎಂದು ಹಿಡಿಯೋಣ, ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ. ವರ್ಷಕ್ಕೆ 10,000 ಕಿಲೋಮೀಟರ್ ಓಡುವ, ಲೀಟರಿಗೆ 60 ಕೊಡುವ ಬೈಕು ಕುಡಿಯುವುದೇ 167 ಲೀಟರ್. ಉಳಿತಾಯ 330 ರೂಪಾಯಿ. ವರ್ಷಕ್ಕೆ ಮೂರು ಸಲ ಆಯಿಲ್ ಬದಲಿಸಿ, ಸಿಂಥೆಟಿಕ್‌ಗೆ ಪ್ರತಿ ಸಲ 200 ಹೆಚ್ಚು ಕೊಟ್ಟರೆ ನೀವು 270 ನಷ್ಟದಲ್ಲಿದ್ದೀರಿ. ಬೈಕಿಗೆ ಸಿಂಥೆಟಿಕ್ ಹಾಕಲು ಬೇರೆ ಕಾರಣಗಳಿರಬಹುದು, ಪೆಟ್ರೋಲ್ ಉಳಿಸಲು ಮಾತ್ರ ಹಾಕಬೇಡಿ. ನನ್ನ ಕಾರಿನಂಥದ್ದಕ್ಕೆ ವರ್ಷಕ್ಕೆ 1,300 ರೂಪಾಯಿ ಉಳಿದು ಆಯಿಲ್‌ನ ಹೆಚ್ಚುವರಿ ದರಕ್ಕೆ ಸರಿಹೋಗುತ್ತದೆ, ಕೆಲವೊಮ್ಮೆ ತುಸು ಮಿಗುತ್ತದೆ. ನಿಜವಾದ ಲಾಭ ಬಾಡಿಗೆ ಗಾಡಿಯವರದು. ಬಳ್ಳಾರಿಯಿಂದ ಊರೂರಿಗೆ ಜೀನ್ಸ್ ಗಂಟು ಸಾಗಿಸುವ, ವರ್ಷಕ್ಕೆ 40,000 ಕಿಲೋಮೀಟರ್ ಓಡಿ ಲೀಟರಿಗೆ 12 ಕೊಡುವ ಪಿಕಪ್ 3,300 ಲೀಟರಿಗೂ ಹೆಚ್ಚು ಡೀಸೆಲ್ ಕುಡಿಯುತ್ತದೆ. ಅದರ ಶೇ. 2 ಎಂದರೆ 66 ಲೀಟರ್, ಐದಾರು ಸಾವಿರ ರೂಪಾಯಿ. ವಿಪರ್ಯಾಸವೆಂದರೆ ಅವರೇ ಅಗ್ಗದ ಲೂಸ್ ಆಯಿಲ್ ಹಾಕಿಸುವವರು.

ಆರನೆಯದು: ಕೊಳ್ಳುವಾಗ

ಬಿಲ್ ಕೊಡುವ ಅಂಗಡಿಯಲ್ಲಿ ಕೊಳ್ಳಿ. ವಾರಂಟಿಯ ತಕರಾರು ಬಂದರೆ ಗ್ರೇಡ್ ಬರೆದ ಬಿಲ್ಲೇ ಸಾಕ್ಷಿ. ಮುಚ್ಚಳದ ಉಂಗುರ ಮುರಿಯದೆ ಇದೆಯೇ, ಬಾಯಿಯ ಒಳಗಿನ ಬೆಳ್ಳಿ ಹಾಳೆ ಗಟ್ಟಿಯಾಗಿ ಅಂಟಿದೆಯೇ, ಬ್ಯಾಚ್ ಸಂಖ್ಯೆ ಮತ್ತು ತಿಂಗಳು ಓದಲು ಬರುತ್ತವೆಯೇ ನೋಡಿ. ಸ್ಕ್ಯಾನ್ ಮಾಡುವ ಕೋಡ್ ಇದ್ದರೆ ಅಂಗಡಿಯಲ್ಲೇ ಮಾಡಿ. ಕಣ್ಣೆದುರಿಗೇ ಸೀಲ್ ಒಡೆಸಿ, ಖಾಲಿ ಡಬ್ಬಿಯನ್ನು ಕೇಳಿ ಪಡೆದು ಸ್ಕ್ರೂಡ್ರೈವರಿನಿಂದ ತಳಕ್ಕೆ ಎರಡು ತೂತು ಹೊಡೆಯಿರಿ. ಗ್ಯಾರೇಜಿನವರು ಮುಖ ಗಂಟಿಕ್ಕಬಹುದು. ಇಡಿಯಾಗಿ ಉಳಿದ ಒಳ್ಳೆಯ ಬ್ರಾಂಡಿನ ಡಬ್ಬಿಯೇ ನಕಲಿ ಆಯಿಲ್‌ನ ತೊಟ್ಟಿಲು. ಮೈಲೇಜ್ ಹೆಚ್ಚಿಸುತ್ತೇವೆ ಎನ್ನುವ ಸಣ್ಣ ಬಾಟಲಿಯ ಔಷಧಿಗಳು ಬೇಡ.

ಏಳನೆಯದು: ಹಾಕುವಾಗ

ಎಂಜಿನ್ ತುಸು ಬೆಚ್ಚಗಿರುವಾಗ ಹಳೆಯದನ್ನು ಇಳಿಸಿ, ಫಿಲ್ಟರ್ ಬದಲಿಸಿ, ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿಸಿ. ಮೂರೂವರೆ ಲೀಟರ್ ಹಿಡಿಯುವ ಎಂಜಿನ್‌ಗೆ ನಾಲ್ಕು ಲೀಟರಿನ ಡಬ್ಬಿಯನ್ನು ಪೂರ್ತಿ ಸುರಿಯುವ ಔದಾರ್ಯ ನಮ್ಮಲ್ಲಿ ಬಹಳ. ಹೆಚ್ಚಾದ ಆಯಿಲ್‌ಗೆ ಕ್ರ್ಯಾಂಕ್ ಬಡಿದು ಮಜ್ಜಿಗೆ ಕಡೆದಂತೆ ನೊರೆ ಎಬ್ಬಿಸುತ್ತದೆ. ತೆಳು ಆಯಿಲ್‌ನಿಂದ ಗಳಿಸಿದ್ದು ಅಲ್ಲಿಯೇ ಕಳೆಯುತ್ತದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಒಮ್ಮೆ ಓಡಿಸಿ ಆರಿಸಿ, ಐದು ನಿಮಿಷ ಕಾದು ಡಿಪ್‌ಸ್ಟಿಕ್ ನೋಡಿ. ಗುರುತು ಎರಡು ಗೆರೆಗಳ ನಡುವೆ, ಮೇಲಿನದಕ್ಕೆ ಹತ್ತಿರ ಇರಲಿ. ಅದನ್ನು ದಾಟಬಾರದು. ಸುಟ್ಟ ಆಯಿಲ್ಲನ್ನು ಚರಂಡಿಗೋ ಹೊಲದ ಬದುವಿಗೋ ಚೆಲ್ಲದೆ ಮರುಸಂಸ್ಕರಣೆಗೆ ಕಳಿಸುವವರಿಗೆ ಕೊಡಿ.

ಎಷ್ಟು ದಿನಕ್ಕೆ ಬದಲಿಸಬೇಕು ಎಂಬಲ್ಲಿ ನಮ್ಮ ಜಿಲ್ಲೆಗಳ ನಿಜವಾದ ಶತ್ರು ಕಾಣಿಸುತ್ತದೆ. ಅದು ಬಿಸಿಲಲ್ಲ, ಧೂಳು. ಸಂಡೂರು, ತೋರಣಗಲ್ಲಿನ ದಾರಿಯಲ್ಲಿ ಅದಿರಿನ ಟಿಪ್ಪರುಗಳ ಹಿಂದೆ ಒಂದು ಗಂಟೆ ಹೋಗಿ ಬಂದು ಏರ್ ಫಿಲ್ಟರ್ ತೆಗೆದರೆ ಮಡಿಕೆಗಳಲ್ಲಿ ಕುಂಕುಮ ತುಂಬಿಟ್ಟಂತೆ ಕೆಂಪು. ಫಿಲ್ಟರ್ ತಪ್ಪಿಸಿಕೊಂಡು ಒಳಗೆ ಹೋದ ಪುಡಿ ಆಯಿಲ್ ಸೇರಿ ಮರಳು ಕಾಗದದಂತೆ ಕೆಲಸ ಮಾಡುತ್ತದೆ. ಕೈಪಿಡಿಯಲ್ಲಿ ‘ಕಠಿಣ ಬಳಕೆ’ ಎಂಬ ಇನ್ನೊಂದು ಕೋಷ್ಟಕ ಇರುತ್ತದೆ, ಸಣ್ಣ ಅಕ್ಷರಗಳಲ್ಲಿ. ಧೂಳಿನ ರಸ್ತೆ, ಪದೇಪದೇ ಚಿಕ್ಕ ಓಡಾಟ, ಭಾರದ ಹೇರು ಎಂದು ಅಲ್ಲಿ ಬರೆದಿರುವುದು ನಮಗೇ. ಹೆಚ್ಚಾಗಿ ಮಾಮೂಲಿ ಅವಧಿಯ ಅರ್ಧಕ್ಕೆ ಬದಲಿಸಲು ಹೇಳುತ್ತದೆ. ಸಿಂಥೆಟಿಕ್ ಹಾಕಿದ್ದೇವೆ, ದುಪ್ಪಟ್ಟು ಓಡಿಸಬಹುದು ಎಂಬ ಲೆಕ್ಕ ಈ ಧೂಳಿನಲ್ಲಿ ನಡೆಯುವುದಿಲ್ಲ.

ಕೊನೆಯದು: ಅಳೆಯಿರಿ

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಹಲವು ಕಾರುಗಳಲ್ಲಿ ಮಾಲೀಕನನ್ನು ಖುಷಿಪಡಿಸುವ ಕಡೆಗೇ ವಾಲಿರುತ್ತದೆ. ಆದ್ದರಿಂದ ನೀವೇ ಅಳೆಯಿರಿ: ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪು, ಬೆಳಗಿನ ಹೊತ್ತು, ನಳಿಕೆ ಮೊದಲ ಸಲ ತಾನಾಗಿ ನಿಲ್ಲುವವರೆಗೆ ಮಾತ್ರ ಟ್ಯಾಂಕ್ ತುಂಬಿಸಿ. ಟ್ರಿಪ್ ಮೀಟರಿನ ಕಿಲೋಮೀಟರನ್ನು ಮುಂದಿನ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಆಯಿಲ್ ಬದಲಿಸುವ ಮೊದಲು ಮೂರು ಟ್ಯಾಂಕ್, ನಂತರ ಮೂರು ಟ್ಯಾಂಕ್, ಅದೇ ದಾರಿಯಲ್ಲಿ. ತಿಂಗಳಿಗೊಮ್ಮೆ ಟೈರ್ ತಣ್ಣಗಿರುವಾಗ ಗಾಳಿ ನೋಡಿಸುವುದನ್ನು ಮರೆತರೆ ಈ ಲೆಕ್ಕವೇ ವ್ಯರ್ಥ.

ಏಸಿ ನಿಲ್ಲದ ಮೇ ತಿಂಗಳನ್ನು ಡಿಸೆಂಬರಿಗೆ ಹೋಲಿಸಬೇಡಿ. ಹಳೆಯ ಪೆಟ್ರೋಲಿನ ಕಾಲದ ಅಂಕಿಗಳನ್ನೂ ಈಗಿನದಕ್ಕೆ ಹೋಲಿಸಬೇಡಿ: ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿ, ಶೇ. 20 ಬೆರೆಸಿದಾಗ ಇಳಿದ ಮೈಲೇಜ್ ಆಯಿಲ್‌ನ ತಪ್ಪಲ್ಲ. ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಆಷಾಢದಲ್ಲಿ ಕೊಪ್ಪಳ ದಾಟಿ ಗದಗಿನ ಕಡೆ ಹೊರಟರೆ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ನಿಮ್ಮ ಕಾರಿನ ಎದೆಗೆ ಬಡಿಯುತ್ತದೆ. ಹೋಗುವಾಗಿನ ಮತ್ತು ಬರುವಾಗಿನ ಎರಡನ್ನೂ ಸೇರಿಸಿ ಒಂದೇ ಲೆಕ್ಕ ಮಾಡಿ.

ನನ್ನ ನೋಟ್‌ಬುಕ್ಕಿನಲ್ಲಿ ನವೆಂಬರಿನ ಪುಟದ ಮೇಲೆ ‘0ಡಬ್ಲ್ಯೂ-20, ಎಸ್‌ಪಿ, 3.1 ಲೀ.’ ಎಂದು ಬರೆದಿದೆ. ಕೆಳಗೆ ಮೂರು ಸಾಲು: 18.4, 18.7, 18.5. ಆಯಿಲ್ ತಂದ ಅಂಗಡಿಯ ಬಿಲ್ಲನ್ನು ಅದೇ ಪುಟಕ್ಕೆ ಪಿನ್ ಮಾಡಿದ್ದೇನೆ. ಆ ಮೆಕ್ಯಾನಿಕ್ಕಿಗೂ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಬೇಸಿಗೆ ಬರಲಿ ಸರ್, ಆಮೇಲೆ ಮಾತಾಡೋಣ” ಎಂದರು.